ಎಡಕ್ಕೆ ತಿರುಗದ ಪದ್ಮಿನಿ

ಬಲಕ್ಕೆ ತಿರುಗಿಸಿದರೆ ಕಾರಿನ ಹಿಂಭಾಗ ಜಾರಿ ಸುತ್ತು ಹಾಕುತ್ತಿತ್ತು. ಎಡಕ್ಕೆ ತಿರುಗಿಸಿದರೆ ಮುಖವೇ ತಿರುಗುತ್ತಿರಲಿಲ್ಲ. ಸ್ಟಿಯರಿಂಗ್ ಪೂರ್ತಿ ಎಳೆದರೂ ಗಾಡಿ ನೆಟ್ಟಗೆ ಹೊಲದ ಬದುವಿನ ಕಡೆ ಹೊರಡುತ್ತಿತ್ತು. ಅದೇ ಕಾರು, ಅದೇ ಮಣ್ಣು, ಅದೇ ವೇಗ. ಆದರೆ ಒಂದೊಂದು ಕಡೆಗೆ ಒಂದೊಂದು ಗುಣ. ಹೀಗೇಕೆ ಅಂತ ತಿಳಿಯಲು, ತಿಳಿದ ಮೇಲೆ ಸರಿ ಮಾಡಲು ನನಗೆ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳಲ್ಲಿ ಮಾಡಿದ್ದನ್ನು, ತಪ್ಪಿದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ. ಹಳೆ ಫಿಯೆಟ್ ಇಟ್ಟುಕೊಂಡವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ಉಪಯೋಗ ಆದೀತು.

ನಾನು ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇಥ್ ಕೆಲಸ ಮಾಡುವವನು. ಕಾರು ನಮ್ಮ ಅಪ್ಪನದು. 1982ರ ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100 ಕಾರನ್ನೇ ನಮ್ಮ ದೇಶದಲ್ಲಿ ಈ ಹೆಸರಿನಲ್ಲಿ ಮಾಡುತ್ತಿದ್ದರು. ಮನೆಮಂದಿಯನ್ನೆಲ್ಲ ತುಂಬಿಕೊಂಡು ಎಷ್ಟೋ ಸಲ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದ ಗಾಡಿ. ಇದನ್ನು ಸ್ಪೋರ್ಟ್ಸ್ ಕಾರು ಅಂತ ಯಾರೂ ಕರೆಯುವುದಿಲ್ಲ, ನನಗೆ ಗೊತ್ತು. ಆದರೆ ಮದ್ರಾಸಿನ ಹತ್ತಿರ ಶೋಲಾವರಂನ ಹಳೆ ವಿಮಾನ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಇದೇ ಫಿಯೆಟ್ 1100ಗಳು ಓಡಿವೆ. ನಮ್ಮ ದೇಶದ ಮೋಟಾರ್ ಸ್ಪೋರ್ಟ್ ಬೆಳೆದಿದ್ದೇ ಇಂಥ ಮನೆಯ ಕಾರುಗಳ ಮೇಲೆ. 1089 ಸಿಸಿ ಎಂಜಿನ್, ಸುಮಾರು 40 ಕುದುರೆ ಶಕ್ತಿ, ಹಿಂದಿನ ಚಕ್ರಕ್ಕೆ ಎಳೆತ, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕೋಲು. ಶಕ್ತಿ ಕಡಿಮೆ. ಅದಕ್ಕೇ ಇದರಲ್ಲಿ ಸಮಯ ಉಳಿಸಬೇಕಾದರೆ ತಿರುವಿನಲ್ಲೇ ಉಳಿಸಬೇಕು. ತಿರುವು ಅಂದರೆ ಸಸ್ಪೆನ್ಶನ್, ಚಕ್ರವನ್ನು ಗಾಡಿಗೆ ಹಿಡಿದಿಡುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ. ಎಂಜಿನ್ನಿಗೆ ನಾನು ಕೈಯನ್ನೇ ಹಚ್ಚಲಿಲ್ಲ.

ನಾನು ಈ ಕಾರನ್ನು ತಯಾರು ಮಾಡುತ್ತಿದ್ದುದು ಆಟೋಕ್ರಾಸಿಗೆ. ಆಟೋಕ್ರಾಸ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಬಯಲಿನಲ್ಲಿ ಕೋನ್ ಇಟ್ಟು ದಾರಿ ಗುರುತು ಮಾಡುತ್ತಾರೆ. ಒಂದು ಸಲಕ್ಕೆ ಒಂದೇ ಕಾರು. ಪಕ್ಕದವನ ಜೊತೆ ಪೈಪೋಟಿ ಇಲ್ಲ, ಗಡಿಯಾರದ ಜೊತೆ ಮಾತ್ರ. ಕೋನ್ ಬಿದ್ದರೆ ಸಮಯಕ್ಕೆ ಸೆಕೆಂಡು ಸೇರುತ್ತದೆ. ನಮ್ಮಲ್ಲಿ ಜಾಸ್ತಿ ಮಣ್ಣಿನ ಮೇಲೆಯೇ ನಡೆಯುತ್ತದೆ. ಹೆಲ್ಮೆಟ್, ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್ ಬೇಕೇ ಬೇಕು. ನಾವು ಅಭ್ಯಾಸ ಮಾಡುವಾಗಲೂ ಇವನ್ನು ಬಿಟ್ಟಿಲ್ಲ.

ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಖಾನಾಪುರ ರಸ್ತೆಯ ಕಡೆ. ಗೆಳೆಯನ ಕಾಕಾ ಎರಡು ವರ್ಷದಿಂದ ಬೀಳು ಬಿಟ್ಟ ಹೊಲ. ಅಲ್ಲಿ ನಿಂತರೆ ಯಳ್ಳೂರಿನ ರಾಜಹಂಸಗಡ ಕಾಣುತ್ತದೆ. ಬೆಳಗಾವಿಯ ಪಶ್ಚಿಮಕ್ಕೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಮೇಲೆ ಪುಡಿ, ಕೆಳಗೆ ಗಟ್ಟಿ, ನಡುವೆ ಗರಸಿನ ಸಣ್ಣ ಕಲ್ಲು. ಪೂರ್ವಕ್ಕೆ ಬೈಲಹೊಂಗಲದ ಕಡೆ ಹೋದರೆ ಎರಿ ಮಣ್ಣು, ಅದರ ಗುಣವೇ ಬೇರೆ. ಒಂದು ಮಳೆ ಬಿದ್ದರೆ ಸಾಕು, ಚಕ್ರಕ್ಕೆ ಮೆತ್ತಿಕೊಂಡು ಗಾಡಿ ಅಲ್ಲಾಡುವುದಿಲ್ಲ. ಕೆಂಪು ಮಣ್ಣು ಸಿಕ್ಕಿದ್ದು ನಮ್ಮ ಪುಣ್ಯ. ನವೆಂಬರಿನಲ್ಲಿ ಮಳೆ ಪೂರ್ತಿ ನಿಂತ ಮೇಲೆ ಹದಿನಾರು ಕೋನ್ ಇಟ್ಟು ಒಂದು ಸುತ್ತು ಗುರುತು ಮಾಡಿದೆವು. ಗೆಳೆಯ ಮೊಬೈಲ್ ಹಿಡಿದು ಸಮಯ ನೋಡಿದ. ಐದು ಸುತ್ತಿನಲ್ಲಿ ಒಳ್ಳೆಯದು 61.8 ಸೆಕೆಂಡು. ಆ ಅಂಕಿಯನ್ನು ವಹಿಯ ಮೊದಲ ಪುಟದಲ್ಲಿ ಬರೆದೆ.

ಮೊದಲು ಮಾಡಿದ್ದು ತಪ್ಪು. ಕಾರನ್ನು ತಗ್ಗಿಸಬೇಕು, ಗಟ್ಟಿ ಮಾಡಬೇಕು, ಆಗ ವಾಲುವುದಿಲ್ಲ ಅಂದುಕೊಂಡೆ. ರಸ್ತೆಯ ಮೇಲೆ ಅದು ಒಂದು ಮಟ್ಟಿಗೆ ನಿಜ. ಮುಂದಿನ ಎರಡೂ ಕಾಯಿಲ್ ಸ್ಪ್ರಿಂಗಿನಿಂದ ಒಂದೊಂದು ಸುತ್ತು ಕತ್ತರಿಸಿದೆ. ಗ್ಯಾಸ್ ಕಟರಿನಿಂದ ಕತ್ತರಿಸಿದರೆ ಕಾವಿಗೆ ಸ್ಪ್ರಿಂಗಿನ ಹದ ಹೋಗುತ್ತದೆ ಅಂತ ಗೊತ್ತಿತ್ತು, ಹಾಗಾಗಿ ಕಟಿಂಗ್ ವ್ಹೀಲ್ ಬಳಸಿ, ನೀರು ಹಾಕುತ್ತ ಕತ್ತರಿಸಿದೆ. ಶಾಕ್ ಅಬ್ಸಾರ್ಬರ್ ಕೂಡ ತುಂಬಾ ಬಿಗಿ ಇರುವವನ್ನು ಕೊಂಡು ತಂದೆ. ಕಾರು ನೋಡಲು ಚೆನ್ನಾಗಿ ಕಂಡಿತು. ಹೊಲಕ್ಕೆ ಹೋದರೆ 63.2.

ಯಾಕೆ ಹೀಗಾಯಿತು ಅಂತ ತೋರಿಸಿದ್ದು ಮಣ್ಣೇ. ಓಡಿಸಿದ ಮೇಲೆ ಇಬ್ಬರೂ ಇಳಿದು ಚಕ್ರದ ಗುರುತು ನೋಡುತ್ತ ನಡೆದೆವು. ತಿರುವಿನಲ್ಲಿ ಟೈರಿನ ಗೆರೆ ಒಂದೇ ಸಮ ಇರಲಿಲ್ಲ. ಕೈಹೊಲಿಗೆ ಹಾಕಿದ ಹಾಗೆ, ಬಿಟ್ಟು ಬಿಟ್ಟು ಬಿದ್ದಿತ್ತು. ಅಂದರೆ ಚಕ್ರ ನೆಲ ಹಿಡಿದು ಓಡುತ್ತಿಲ್ಲ, ಕುಪ್ಪಳಿಸುತ್ತಿದೆ. ಗಾಳಿಯಲ್ಲಿರುವ ಟೈರು ತಿರುಗಿಸುವುದೂ ಇಲ್ಲ, ನಿಲ್ಲಿಸುವುದೂ ಇಲ್ಲ. ಜೊತೆಗೆ ಕಾರು ತಗ್ಗಿದ್ದರಿಂದ ಸ್ಪ್ರಿಂಗಿಗೆ ಒತ್ತಲು ಜಾಗವೇ ಉಳಿದಿರಲಿಲ್ಲ. ಸಣ್ಣ ಗುಂಡಿ ಬಂದರೂ ಚಕ್ರ ಹಿಡಿದ ಆರ್ಮ್ ಹೋಗಿ ಬಂಪ್ ಸ್ಟಾಪಿಗೆ, ಅಂದರೆ ಅದನ್ನು ತಡೆಯುವ ರಬ್ಬರಿಗೆ, ಬಡಿಯುತ್ತಿತ್ತು. ಬಡಿದ ಕ್ಷಣಕ್ಕೆ ಸ್ಪ್ರಿಂಗ್ ಇಲ್ಲದ ಗಾಡಿ ಅದು, ಎತ್ತಿನ ಬಂಡಿ ಇದ್ದ ಹಾಗೆ. ಹಿಡಿತ ಒಮ್ಮೆಲೇ ತಪ್ಪುತ್ತದೆ. ಪುಡಿ ಮಣ್ಣಿನ ಮೇಲೆ ಮೆತ್ತಗಿನ ಸಸ್ಪೆನ್ಶನ್ ಬೇಕು, ಎತ್ತರ ಬೇಕು, ಚಕ್ರ ಮೇಲೆ ಕೆಳಗೆ ಆಡಲು ಜಾಗ ಬೇಕು. ಕತ್ತರಿಸಿದ ಸ್ಪ್ರಿಂಗ್ ಇನ್ನೊಂದು ರೀತಿಯಲ್ಲೂ ಕೆಡಿಸುತ್ತದೆ. ಸುತ್ತು ಕಡಿಮೆ ಆದಷ್ಟೂ ಉಳಿದ ಸ್ಪ್ರಿಂಗ್ ಗಟ್ಟಿ ಆಗುತ್ತದೆ. ತಗ್ಗು ಮಾಡಿದೆ ಅಂತ ತಿಳಿದಿದ್ದೆ, ಗಟ್ಟಿಯನ್ನೂ ಮಾಡಿದ್ದೆ.

ಇಷ್ಟಾದರೂ ಎಡ ಬಲದ ಭೇದ ಹಾಗೇ ಇತ್ತು. ಅದು ನನ್ನ ತಲೆಯಿಂದ ಹೋಗಲಿಲ್ಲ. ಸ್ಪ್ರಿಂಗ್ ಬದಲಿಸಿದರೂ ಹೋಗದ ರೋಗ ಅಂದರೆ ಮೂಲ ಬೇರೆ ಕಡೆ ಇದೆ, ಅಲ್ವಾ?

ಮತ್ತೆ ಮೊದಲಿನಿಂದ ಶುರು ಮಾಡಿದೆ. ಮುಂಬೈಯಲ್ಲಿ 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಪೂರ್ತಿ ಹೋದವು. ಆ ಸುದ್ದಿ ಓದಿ ಆ ದಿನ ಬೇಜಾರಾಗಿತ್ತು. ಅಲ್ಲಿನ ಗುಜರಿಯಿಂದ ಪರಿಚಯದವರೊಬ್ಬರು ಕತ್ತರಿಸದ ಕಾಯಿಲ್ ಸ್ಪ್ರಿಂಗಿನ ಜೋಡಿ ತಂದುಕೊಟ್ಟರು. ಎರಡನ್ನೂ ಟೇಬಲ್ ಮೇಲೆ ನಿಲ್ಲಿಸಿ ಎತ್ತರ ಅಳೆದೆ. 2 ಮಿಮೀ ವ್ಯತ್ಯಾಸ. ನಡೆಯುತ್ತದೆ. ಶಾಕ್ ಅಬ್ಸಾರ್ಬರನ್ನೂ ಸಾದಾ ಹೊಸವಕ್ಕೆ ಬದಲಿಸಿದೆ. ಬಿಗಿಯಾದವಕ್ಕೆ ಕೊಟ್ಟ ದುಡ್ಡು ನೀರಿನಲ್ಲಿ ಹಾಕಿದ ಹಾಗಾಯಿತು.

ಆಮೇಲೆ ಮುಂಭಾಗ ಪೂರ್ತಿ ಬಿಚ್ಚಿದೆ. ಜಾಕ್ ಏರಿಸಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಎಡ ಚಕ್ರ ಟಕ್ ಟಕ್ ಅನ್ನುತ್ತಿತ್ತು. ಬೇರಿಂಗ್ ಇರಬಹುದು ಅಂತ ಗೆಳೆಯನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿದೆ. ಆಗಲೂ ಟಕ್ ಟಕ್. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಇರುವ ಗೂಟ. ಇದು ನಮ್ಮ ಅಂಗಡಿಗೆ ಬರುತ್ತಿದ್ದ ಹಳೆ ಮಿಸ್ತ್ರಿಯೊಬ್ಬರು ಹೇಳಿಕೊಟ್ಟ ಪರೀಕ್ಷೆ. ಪದ್ಮಿನಿಯ ಕಿಂಗ್ ಪಿನ್ನಿಗೆ ಗ್ರೀಸ್ ನಿಪ್ಪಲ್ ಇದೆ, ಆದರೆ ಎಷ್ಟು ವರ್ಷದಿಂದ ಅದಕ್ಕೆ ಗ್ರೀಸ್ ಗನ್ ತಾಗಿಲ್ಲವೋ.

ಆ ಪಿನ್ ಕೂರುವ ಬುಶ್ (ಲೋಹದ ಕೊಳವೆ) ನಾನೇ ಮಾಡಿದೆ. ಈ ಕೆಲಸದಲ್ಲಿ ನನಗೆ ತುಂಬಾ ಸಂತೋಷ ಕೊಟ್ಟ ಭಾಗ ಇದು. ಗನ್‌ಮೆಟಲ್ ಸರಳು ತಂದು, ಹೊರ ಅಳತೆ ತುಸು ಬಿಗಿ ಇಟ್ಟು ತಿರುವಿ, ಒತ್ತಿ ಕೂರಿಸಿದೆ. ಒತ್ತಿ ಕೂರಿಸಿದ ಮೇಲೆ ಒಳಗಿನ ರಂಧ್ರ ಸಣ್ಣದಾಗುತ್ತದೆ. ಹಾಗಾಗಿ ಮೊದಲೇ ಅಳತೆಗೆ ಕೊರೆದಿಟ್ಟರೆ ಪಿನ್ ಒಳಗೆ ಹೋಗುವುದಿಲ್ಲ. ಕೂರಿಸಿ ಆದ ಮೇಲೆ ಮೇಲಿನದು ಕೆಳಗಿನದು ಎರಡೂ ಒಂದೇ ಸಾಲಿಗೆ ಬರುವಂತೆ ಉದ್ದನೆಯ ರೀಮರ್ (ರಂಧ್ರ ಹಿಗ್ಗಿಸುವ ಉಪಕರಣ) ಹಾಕಿ, ಸ್ವಲ್ಪ ಸ್ವಲ್ಪ ತೆಗೆಯುತ್ತ ಹೋಗಬೇಕು. ಸುಮಾರು 0.02 ಮಿಮೀ ಸಡಿಲ ಇಟ್ಟೆ. ಎಣ್ಣೆ ಸವರಿದ ಪಿನ್ ಹೆಬ್ಬೆರಳಿನ ಒತ್ತಿಗೆ ನಿಧಾನವಾಗಿ ಒಳಗೆ ಹೋಯಿತು. ಜಾರಿ ಬೀಳಲಿಲ್ಲ, ಸಿಕ್ಕಿಕೊಳ್ಳಲೂ ಇಲ್ಲ. ಆ ಹದ ಸಿಕ್ಕಾಗ ನಮ್ಮ ಲೇಥ್ ಕೆಲಸದವರಿಗೆ ಆಗುವ ಖುಷಿಯೇ ಬೇರೆ.

ಸ್ಟಿಯರಿಂಗ್ ಬಾಕ್ಸ್ ಬಗ್ಗೆ ಒಂದು ಎಚ್ಚರಿಕೆ. ಇದು ವರ್ಮ್ (ಸ್ಕ್ರೂ ಥರದ ಹಲ್ಲು) ಮತ್ತು ಅದರ ಮೇಲೆ ಉರುಳುವ ರೋಲರ್ ಇರುವ ಬಾಕ್ಸು. ನಲವತ್ತು ವರ್ಷ ಜಾಸ್ತಿ ನೆಟ್ಟಗೇ ಓಡಿದ ಗಾಡಿಯಲ್ಲಿ ವರ್ಮಿನ ನಡುಭಾಗ ಸವೆದಿರುತ್ತದೆ, ತುದಿಗಳು ಹೊಸದರ ಹಾಗೇ ಇರುತ್ತವೆ. ಪ್ಲೇ, ಅಂದರೆ ಸಡಿಲ, ತೆಗೆಯಲು ಅಂತ ಸ್ಕ್ರೂ ಬಿಗಿ ಮಾಡಿದರೆ ನಡುವೆ ಸರಿ ಆಗುತ್ತದೆ, ಪೂರ್ತಿ ತಿರುಗಿಸಿದಾಗ ಹಿಡಿದುಕೊಳ್ಳುತ್ತದೆ. ಆಟೋಕ್ರಾಸಿನಲ್ಲಿ ಪೂರ್ತಿ ತಿರುಗಿಸುವುದೇ ಕೆಲಸ. ನಾನು ನಡುವೆ ಒಂದು ಬೆರಳಿನಷ್ಟು ಪ್ಲೇ ಹಾಗೇ ಬಿಟ್ಟೆ. ಸ್ಟಿಯರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನ ಎಂಡ್, ಆರ್ಮಿನ ರಬ್ಬರ್ ಬುಶ್ ಎಲ್ಲ ಹೊಸದು ಹಾಕಿದೆ. ರಬ್ಬರ್ ಬುಶ್ ಹಾಕುವಾಗ ನಟ್ಟನ್ನು ಚಕ್ರ ಗಾಳಿಯಲ್ಲಿದ್ದಾಗ ಬಿಗಿ ಮಾಡಬಾರದು. ಕಾರು ನೆಲದ ಮೇಲೆ ತನ್ನ ತೂಕಕ್ಕೆ ಕೂತ ಮೇಲೇ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹೊಲಕ್ಕೆ ಹೋದೆವು. 60.5. ಮೊದಲಿಗಿಂತ ಒಂದು ಸೆಕೆಂಡಿಗೂ ಜಾಸ್ತಿ ಉಳಿತಾಯ, ಅದೂ ಕಂಪನಿ ಕೊಟ್ಟ ಹಾಗೆ ಮಾಡಿದ್ದಕ್ಕೆ. ಸ್ಟಿಯರಿಂಗ್ ಈಗ ಮಾತು ಕೇಳುತ್ತಿತ್ತು. ಆದರೆ ಎಡಕ್ಕೆ ತಿರುಗಿಸಿದರೆ ಮತ್ತೆ ಅದೇ ಬದು.

ಆಗ ಅಳೆಯಲು ಕೂತೆ. ನಮ್ಮ ಗಲ್ಲಿಯ ಗೌಂಡಿಯ ಹತ್ತಿರ ತೂಗುಗುಂಡು ಮತ್ತು ನೀರಿನ ಪೈಪು ಇಸಕೊಂಡು ಬಂದೆ. ವರ್ಕ್‌ಶಾಪಿನ ಕಾಂಕ್ರೀಟ್ ನೆಲದ ಮೇಲೆ ಕಾರು ನಿಲ್ಲಿಸಿ, ಮುಂದಿನ ಚಕ್ರದ ನಡುಬಿಂದು, ಹಿಂದಿನ ಚಕ್ರದ ನಡುಬಿಂದು ಎರಡನ್ನೂ ಗುಂಡು ಬಿಟ್ಟು ನೆಲಕ್ಕೆ ಇಳಿಸಿ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಪದ್ಮಿನಿಯ ವ್ಹೀಲ್ ಬೇಸ್, ಅಂದರೆ ಈ ಎರಡು ಗುರುತಿನ ನಡುವಿನ ದೂರ, 2340 ಮಿಮೀ. ಎಡಗಡೆ 2340 ಬಂತು. ಬಲಗಡೆ 2334. ಮೂರು ಸಲ ಅಳೆದೆ, ಅಷ್ಟೇ. ಅಂದರೆ ಹಿಂದಿನ ಆಕ್ಸಲ್ ಬಲಗಡೆ 6 ಮಿಮೀ ಮುಂದೆ ಬಂದಿದೆ. ಕಣ್ಣಿಗೆ ಕಾಣುವಷ್ಟು ಅಲ್ಲ. ಆದರೆ ಹಿಂದಿನ ಚಕ್ರಗಳು ಕಾರನ್ನು ಸದಾ ಸ್ವಲ್ಪ ಒಂದು ಕಡೆಗೆ ನೂಕುತ್ತಿವೆ ಅಂತ ಅರ್ಥ.

ಮುಂದಿನದು ತೂಕ. ನಾಲ್ಕೂ ಚಕ್ರದ ಮೇಲೆ ಎಷ್ಟೆಷ್ಟು ತೂಕ ಬೀಳುತ್ತಿದೆ ಅಂತ ತಿಳಿಯಬೇಕು. ರೇಸಿನವರ ಹತ್ತಿರ ಅದಕ್ಕೇ ಬೇರೆ ಮಾಪನ ಇರುತ್ತದೆ. ನನಗೆ ನೆನಪಾದದ್ದು ಬೆಲ್ಲದ ವ್ಯಾಪಾರಿಗಳ ಕಾಟಾ. 300 ಕೆಜಿ ತೂಗುವ ಎರಡು ಕಾಟಾ ಬೇಕು ಅಂತ ಎಪಿಎಂಸಿಯಲ್ಲಿ ಪರಿಚಯದ ಒಬ್ಬರನ್ನು ಕೇಳಿದೆ. "ರವಿವಾರ ಒಯ್ಯಿರಿ, ಸೋಮವಾರ ಮುಂಜಾನೆ ಏಳಕ್ಕ ಅಂಗಡ್ಯಾಗ ಇರಬೇಕ್ರಿ" ಅಂದರು. ಹೇಳಿದ ಹಾಗೆ ತಂದೆ. ಎರಡು ಚಕ್ರ ಕಾಟಾದ ಮೇಲೆ, ಇನ್ನೆರಡು ಚಕ್ರ ಅಷ್ಟೇ ಎತ್ತರದ ಮರದ ದಿಮ್ಮಿಯ ಮೇಲೆ. ನಾಲ್ಕೂ ಒಂದೇ ಮಟ್ಟ ಅಂತ ನೀರಿನ ಪೈಪಿನಿಂದ ನೋಡಿದೆ. ಮೊದಲು ಮುಂದಿನ ಜೋಡಿ, ಆಮೇಲೆ ಅದಲು ಬದಲು ಮಾಡಿ ಹಿಂದಿನ ಜೋಡಿ. ಜಾಕ್ ಇಳಿಸಿದಾಗ ಟೈರು ನೆಲಕ್ಕೆ ಅಂಟಿ ನಿಂತು ಸ್ಪ್ರಿಂಗ್ ಪೂರ್ತಿ ಕೂರುವುದಿಲ್ಲ. ಅದಕ್ಕೆ ಟೈರಿನ ಕೆಳಗೆ ಎರಡೆರಡು ತಗಡು ಇಟ್ಟು, ನಡುವೆ ಗ್ರೀಸ್ ಹಚ್ಚಿದೆ. ಕಾರನ್ನು ಒತ್ತಿ ಒತ್ತಿ ಕುಣಿಸಿದರೆ ಸರಿಯಾಗಿ ಕೂರುತ್ತದೆ. ನಾನು ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂತೆ. ಓಡಿಸುವವನ ತೂಕ ಇಲ್ಲದ ಲೆಕ್ಕ ಸುಳ್ಳು ಲೆಕ್ಕ. ಗೆಳೆಯ ಅಂಕಿ ಬರೆದುಕೊಂಡ.

ಮುಂದೆ ಎಡ 221, ಮುಂದೆ ಬಲ 252. ಹಿಂದೆ ಎಡ 229, ಹಿಂದೆ ಬಲ 218. ಒಟ್ಟು 920 ಕೆಜಿ.

ವಹಿ ಹಿಡಿದು ಆ ನಾಲ್ಕು ಅಂಕಿಗಳನ್ನು ನೋಡುತ್ತ ಕೂತಿದ್ದು ನೆನಪಿದೆ. ನಾನು ಕೂರುವುದು ಬಲಗಡೆ. ಹಾಗಾಗಿ ಬಲಗಡೆ ತೂಕ ಜಾಸ್ತಿ ಇರಬೇಕು. ಮುಂದೆ ಹಾಗೇ ಇದೆ. ಹಿಂದೆ ಉಲ್ಟಾ. ಮೂಲೆಯಿಂದ ಮೂಲೆಗೆ ಕೂಡಿಸಿದೆ. ಮುಂದಿನ ಬಲ ಮತ್ತು ಹಿಂದಿನ ಎಡ ಸೇರಿ 481. ಮುಂದಿನ ಎಡ ಮತ್ತು ಹಿಂದಿನ ಬಲ ಸೇರಿ 439. ಒಂದು ಕಾಲು ಗಿಡ್ಡ ಇರುವ ಹೊರಸು ನೋಡಿದ್ದೀರಲ್ಲ. ಅದು ಉಳಿದ ಮೂರು ಕಾಲಿನ ಮೇಲೆ ಸಮನಾಗಿ ನಿಲ್ಲುವುದಿಲ್ಲ. ಗಿಡ್ಡ ಕಾಲಿನ ಅಕ್ಕಪಕ್ಕದ ಎರಡು ಕಾಲುಗಳೇ ಭಾರ ಹೊರುತ್ತವೆ, ಎದುರು ಮೂಲೆಯ ಕಾಲು ಹಗುರ ಆಗುತ್ತದೆ. ನಮ್ಮ ಕಾರಿನ ಗಿಡ್ಡ ಕಾಲು ಹಿಂದಿನ ಬಲಗಡೆಯದು.

ಎಡಕ್ಕೆ ಯಾಕೆ ತಿರುಗುತ್ತಿರಲಿಲ್ಲ ಅಂತ ಆಗ ತಿಳಿಯಿತು. ಎಡಕ್ಕೆ ತಿರುಗಿಸಿದರೆ ಭಾರ ಬಲಕ್ಕೆ ಹೋಗುತ್ತದೆ. ಮುಂದಿನ ಬಲ ಚಕ್ರದ ಮೇಲೆ ಮೊದಲೇ 252 ಕೆಜಿ ಇದೆ, ಮತ್ತೂ ಹೇರುತ್ತದೆ. ಟೈರಿನ ಮೇಲೆ ಭಾರ ಹೇರಿದಷ್ಟೂ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಭಾರ ಹೆಚ್ಚಿದಷ್ಟು ಹಿಡಿತ ಹೆಚ್ಚುವುದಿಲ್ಲ. ಒಂದೇ ಚಕ್ರ ಎಲ್ಲವನ್ನೂ ಹೊರುವ ಬದಲು ಎರಡು ಚಕ್ರ ಹಂಚಿಕೊಂಡರೆ ಒಟ್ಟು ಹಿಡಿತ ಜಾಸ್ತಿ. ಇಲ್ಲಿ ಮುಂದೆ ಹಂಚಿಕೆ ಕೆಟ್ಟಿತ್ತು, ಹಾಗಾಗಿ ಮುಖ ಹೊರಗೆ ಹೋಗುತ್ತಿತ್ತು. ಬಲಕ್ಕೆ ತಿರುಗಿಸಿದಾಗ ಭಾರ ಎಡಕ್ಕೆ ಬರುತ್ತದೆ. ಆಗ ಹಿಂದಿನ ಎಡ ಚಕ್ರ ಮೊದಲೇ ಹೊತ್ತಿದ್ದರ ಮೇಲೆ ಮತ್ತೂ ಹೊರಬೇಕು. ಹಿಂಭಾಗ ಸೋತು ಜಾರುತ್ತದೆ. ಎರಡು ಗುಣ ಅಂದುಕೊಂಡಿದ್ದೆ, ಒಂದೇ ರೋಗ.

ಮರುದಿನ ಹಿಂದಿನ ಬಲಗಡೆಯ ಪಾಟಾ, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್, ಬಿಚ್ಚಿದೆ. ಪಾಟಾವನ್ನು ಆಕ್ಸಲಿಗೆ ಬಿಗಿದ ಯು ಬೋಲ್ಟ್ ತೆಗೆದು ಪಟ್ಟಿಗಳನ್ನು ಬೇರೆ ಮಾಡುತ್ತಿದ್ದಂತೆ ಮೂರನೇ ಪಟ್ಟಿ ಎರಡು ತುಂಡಾಗಿ ಕೈಗೆ ಬಂತು. ಸೆಂಟರ್ ಬೋಲ್ಟಿನ ತೂತಿನ ಹತ್ತಿರವೇ ಮುರಿದಿತ್ತು. ತುಂಡಿನ ಬಾಯಿಗೆ ಜಂಗು ಹಿಡಿದಿತ್ತು, ಅಂದರೆ ಮುರಿದು ಬಹಳ ದಿನ ಆಗಿದೆ. ಪಾಟಾ ಪಟ್ಟಿಗೆ ತೂತು ಇರುವ ಜಾಗವೇ ದುರ್ಬಲ. ಯು ಬೋಲ್ಟ್ ಸಡಿಲ ಆದರೆ ಬಾಗುವಿಕೆಯೆಲ್ಲ ಅಲ್ಲಿಗೇ ಬರುತ್ತದೆ. ಹೊರಗಿನಿಂದ ಕಾಣುವುದಿಲ್ಲ, ಯು ಬೋಲ್ಟಿನ ತಟ್ಟೆ ಅದನ್ನು ಮುಚ್ಚಿಕೊಂಡಿರುತ್ತದೆ. ಪಾಟಾದ ಮುಂದಿನ ತುದಿಯ ಕಣ್ಣಿನ (ಉಂಗುರದ) ರಬ್ಬರ್ ಬುಶ್ ಕೂಡ ಒಂದು ಕಡೆ ಹಿಂಡಿ ಹೋಗಿತ್ತು. ಆ 6 ಮಿಮೀ ಬಂದಿದ್ದು ಅಲ್ಲಿಂದ.

ಪಾಟಾ ಕೆಲಸಕ್ಕೆ ಬೆಳಗಾವಿಯಲ್ಲಿ ಕೊರತೆ ಇಲ್ಲ. ಲಾರಿಗಳು, ಕಬ್ಬಿನ ಟ್ರೇಲರ್‌ಗಳು ಇರುವ ಊರಿನಲ್ಲಿ ಕಮಾನ್ ಪಾಟಾದ ಅಂಗಡಿ ಇರಲೇಬೇಕು. ಆದರೆ ನಾನು ಹೋದದ್ದು ಕಬ್ಬಿನ ಹಂಗಾಮಿನಲ್ಲಿ. ಸಕ್ಕರೆ ಕಾರ್ಖಾನೆ ನಡೆಯುವಾಗ ಒಂದು ದಿನ ಟ್ರೇಲರ್ ನಿಂತರೂ ರೈತನಿಗೆ ನಷ್ಟ. ಕಾರಿನವನು ಕಾಯಬೇಕು, ಅದು ನ್ಯಾಯ. ಎಂಟು ದಿನ ಕಾದೆ. ಕುಲುಮೆಯ ಮುಂದೆ ಕೂರುವ ಚಾಚಾಗೆ ವಯಸ್ಸಾಗಿದೆ, ಆದರೆ ಪಟ್ಟಿ ಕೈಯಲ್ಲಿ ಹಿಡಿದ ಕೂಡಲೇ ಅದರ ಜಾತಕ ಹೇಳುತ್ತಾರೆ.

"ಚಾಚಾ, ಒಂದೇ ಕಡೆ ಮುರದೈತ್ರಿ. ಬಲಗಡಿದಷ್ಟ ಮಾಡಿಕೊಡ್ರಿ" ಅಂದೆ.

"ಹಂಗ ಮಾಡಬ್ಯಾಡ ತಮ್ಮಾ. ಎಡಗಡಿದೂ ಬಿಚ್ಚಿ ತಾ. ಒಂದಕ್ಕ ಕಮಾನ್ ಏರಿಸಿ ಒಂದು ಬಿಟ್ರ ಗಾಡಿ ಈ ಕಡೆ ವಾಲೂದು ಬಿಟ್ಟು ಆ ಕಡೆ ವಾಲತೈತಿ."

"ಇನ್ನೊಂದು ಪಟ್ಟಿ ಜಾಸ್ತಿ ಹಾಕಿದ್ರ ಹೆಂಗ್ರಿ?"

"ಏನ್ ಕಬ್ಬು ಹೇರ್ತೀಯೇನು?"

ಅವರ ಮಾತು ಸರಿ. ಪಟ್ಟಿ ಜಾಸ್ತಿ ಹಾಕುವುದು ಭಾರ ಹೇರುವವರ ಉಪಾಯ. ಇನ್ನೊಂದು ವಿಷಯ, ಮುರಿದ ಪಟ್ಟಿಯ ಬದಲಿಗೆ ಹಾಕುವುದರ ದಪ್ಪ ಅಷ್ಟೇ ಇರಬೇಕು. ದಪ್ಪ ಒಂದಕ್ಕೆ ಎರಡಾದರೆ ಗಟ್ಟಿತನ ಎಂಟು ಪಟ್ಟು ಆಗುತ್ತದೆ. ಬರೀ ನೂರಕ್ಕೆ ಹತ್ತು ಜಾಸ್ತಿ ಆದರೂ ಆ ಪಟ್ಟಿ ಮೂರನೇ ಒಂದು ಭಾಗ ಹೆಚ್ಚು ಗಟ್ಟಿ. ನಾನು ವರ್ನಿಯರ್ ಹಿಡಿದುಕೊಂಡೇ ಹೋಗಿದ್ದೆ. ಅವರ ರಾಶಿಯಲ್ಲಿ ಅದೇ ದಪ್ಪದ, ಅದೇ ಅಗಲದ ಪಟ್ಟಿ ಹುಡುಕಲು ಅರ್ಧ ಗಂಟೆ ಹಿಡಿಯಿತು.

ಕೆಲವರು ಪಟ್ಟಿಯನ್ನು ತಣ್ಣಗಿದ್ದಾಗಲೇ ಸುತ್ತಿಗೆಯಿಂದ ಬಡಿದು ಕಮಾನ್ ಏರಿಸುತ್ತಾರೆ. ಬೇಗ ಆಗುತ್ತದೆ, ಆದರೆ ಬೇಗ ಕುಸಿಯಬಹುದು. ಚಾಚಾ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಹಳೆ ಪಟ್ಟಿಯ ಮಗ್ಗುಲಿಗೆ ಇಟ್ಟು ಬಾಗು ಸರಿ ಮಾಡಿ, ಎಣ್ಣೆಯಲ್ಲಿ ಮುಳುಗಿಸಿದರು. ಎಣ್ಣೆಯಿಂದ ತೆಗೆದ ಪಟ್ಟಿ ಗಾಜಿನ ಹಾಗೆ, ಹೊಡೆದರೆ ಒಡೆಯುತ್ತದೆ. ಅದಕ್ಕೇ ಮತ್ತೆ ಸಣ್ಣ ಕಾವಿನಲ್ಲಿ ಇಟ್ಟು ಹದಕ್ಕೆ ತಂದರು. ಕಾವು ಸಾಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಒಂದು ಕಟ್ಟಿಗೆ ತುಂಡನ್ನು ಪಟ್ಟಿಯ ಮೇಲೆ ಉಜ್ಜಿ ತೋರಿಸಿದರು. ಕಟ್ಟಿಗೆ ಕಿಡಿ ಹಿಡಿಯುವ ಹಾಗಿದ್ದರೆ ಸಾಕು. ಥರ್ಮಾಮೀಟರ್ ಇಲ್ಲದೆ ಅಷ್ಟು ವರ್ಷ ಕೆಲಸ ಮಾಡಿದ ಕೈ ಅದು. ನಾನು ಬರೀ ನೋಡುತ್ತ ನಿಂತೆ.

ಮನೆಗೆ ತಂದು ಪಟ್ಟಿಗಳನ್ನು ವೈರ್ ಬ್ರಷ್ ಹಾಕಿ ತಿಕ್ಕಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿದೆ. ಪಟ್ಟಿಗಳ ನಡುವಿನ ಉಜ್ಜಾಟವೂ ಒಂದು ಥರದ ಶಾಕ್ ಅಬ್ಸಾರ್ಬರೇ. ಆದರೆ ಜಂಗು ಹಿಡಿದಿದ್ದರೆ ಸಣ್ಣ ಏರುಪೇರಿಗೆ ಪಾಟಾ ಅಲ್ಲಾಡುವುದೇ ಇಲ್ಲ, ಒಮ್ಮೆಲೇ ಜಗ್ಗುತ್ತದೆ. ಕಣ್ಣಿಗೆ ಹೊಸ ಬುಶ್, ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್. ಹಳೆ ಯು ಬೋಲ್ಟ್ ಮತ್ತೆ ಹಾಕಬೇಡಿ, ಅವು ಒಮ್ಮೆ ಜಗ್ಗಿದ ಮೇಲೆ ಹಿಡಿತ ಕೊಡುವುದಿಲ್ಲ.

ಮತ್ತೊಂದು ರವಿವಾರ ಕಾಟಾ ತಂದೆ. ಈ ಸಲ ಅಂಗಡಿಯವರೇ ನೋಡಲು ಬಂದರು. ಮುಂದೆ ಎಡ 230, ಬಲ 243. ಹಿಂದೆ ಎಡ 220, ಬಲ 227. ಒಟ್ಟು ಅದೇ 920. ಮೂಲೆಗಳ ಲೆಕ್ಕ 463 ಮತ್ತು 457. ಇಷ್ಟು ಸಾಕು. ಪದ್ಮಿನಿಯಲ್ಲಿ ಸ್ಪ್ರಿಂಗಿನ ಎತ್ತರ ತಿರುಗಿಸಿ ಹೊಂದಿಸುವ ಸ್ಕ್ರೂ ಇಲ್ಲ. ಇನ್ನೂ ಕಡಿಮೆ ಮಾಡಬೇಕಾದರೆ ಸ್ಪ್ರಿಂಗಿನ ಕೆಳಗೆ ಪ್ಯಾಕಿಂಗ್ ಇಟ್ಟು ಇಟ್ಟು ನೋಡಬೇಕು. 6 ಕೆಜಿಗೆ ಅದು ಬೇಡ. ವ್ಹೀಲ್ ಬೇಸ್ ಎರಡೂ ಕಡೆ 2340.

ಅಲೈನ್‌ಮೆಂಟ್ ಅಂಗಡಿಗೆ ಮೊದಲೊಮ್ಮೆ ಹೋಗಿದ್ದೆ. ಅವರು ರಸ್ತೆಗೆ ಬೇಕಾದ ಅಳತೆಗೆ ಕೂರಿಸಿ ಕಳಿಸಿದರು, ನನ್ನ ಅಳತೆ ಕೇಳಲು ಅವರಿಗೆ ವೇಳೆ ಇರಲಿಲ್ಲ. ಹಾಗಾಗಿ ಎಲ್ಲ ಮನೆಯಲ್ಲೇ ಮಾಡಿದೆ. ಕಾರಿನ ಎರಡೂ ಬದಿಗೆ ನಾಲ್ಕು ಸ್ಟ್ಯಾಂಡ್ ಇಟ್ಟು, ಹಬ್ಬಿನ ಎತ್ತರಕ್ಕೆ ದಾರ ಎಳೆದು, ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ಅಳೆದರೆ ಟೋ, ಅಂದರೆ ಚಕ್ರದ ಮುಂಭಾಗ ಎಷ್ಟು ಒಳಗೆ ಅಥವಾ ಹೊರಗೆ ತಿರುಗಿದೆ ಅನ್ನುವುದು, ಸಿಗುತ್ತದೆ. ಕ್ಯಾಂಬರಿಗೆ, ಅಂದರೆ ಚಕ್ರ ಮೇಲ್ಭಾಗದಲ್ಲಿ ಎಷ್ಟು ವಾಲಿದೆ ಅನ್ನುವುದಕ್ಕೆ, ಮತ್ತೆ ಗೌಂಡಿಯ ಗುಂಡು. 14 ಇಂಚಿನ ರಿಮ್ಮಿನ ಹೊರ ಅಂಚು ಮೇಲಿಂದ ಕೆಳಗೆ ಸುಮಾರು 390 ಮಿಮೀ. ಅಲ್ಲಿ ಒಂದು ಡಿಗ್ರಿ ಅಂದರೆ 6.8 ಮಿಮೀ. ಆ ಕಾಲದ ಕಾರುಗಳ ಮುಂದಿನ ಚಕ್ರ ಮೇಲ್ಭಾಗದಲ್ಲಿ ತುಸು ಹೊರಗೆ ವಾಲಿರುವ ಹಾಗೆ ಇಡುತ್ತಿದ್ದರು, ಸ್ಟಿಯರಿಂಗ್ ಹಗುರ ಇರಲಿ ಅಂತ. ಶಿಮ್ (ತೆಳು ತಗಡು) ಹೊಂದಿಸಿ ಅದನ್ನು ಒಳಗೆ ಒಂದು ಡಿಗ್ರಿಗೆ ತಂದೆ. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರಲಿ ಅಂತ. ಟೋ 2 ಮಿಮೀ ಹೊರಕ್ಕೆ. ಹೀಗಿಟ್ಟರೆ ಮುಖ ಬೇಗ ತಿರುಗುತ್ತದೆ, ಆದರೆ ರಸ್ತೆಯ ಮೇಲೆ ಗಾಡಿ ಅಲೆಯುತ್ತದೆ, ಟೈರು ಬೇಗ ಸವೆಯುತ್ತದೆ. ಹಾಗಾಗಿ ಟೈ ರಾಡಿಗೆ ಪೇಂಟಿನ ಗುರುತು ಹಾಕಿದ್ದೇನೆ. ಓಡಿಸುವ ದಿನಕ್ಕೆ ಒಂದು ಗುರುತು, ಊರಲ್ಲಿ ತಿರುಗಾಡಲು ಇನ್ನೊಂದು.

ಹೊಲದಲ್ಲಿ 57.9. ಎಡಕ್ಕೆ ತಿರುಗಿಸಿದೆ, ಕಾರು ಎಡಕ್ಕೆ ತಿರುಗಿತು. ಅಷ್ಟೇ. ಆದರೆ ಐದು ತಿಂಗಳಲ್ಲಿ ಮೊದಲ ಸಲ ಅದು ಆಗಿದ್ದು. ಗೆಳೆಯ ಮೊಬೈಲ್ ಮೇಲೆತ್ತಿ ಹಿಡಿದು ಓಡಿ ಬಂದ.

ಆ ಮೇಲೆ ಎರಡು ರವಿವಾರ ಸಣ್ಣ ಸಣ್ಣ ಬದಲಾವಣೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮೂರು ಸುತ್ತು, ವಹಿಯಲ್ಲಿ ಬರಹ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ. ಟೈರಿನ ಗಾಳಿ 30ರಿಂದ 2 ಪೌಂಡಿನಂತೆ ಇಳಿಸುತ್ತ ಬಂದೆ. ಟೈರಿನ ಅಂಚಿಗೆ ಸೀಮೆಸುಣ್ಣ ಬಳಿದಿಟ್ಟರೆ ಎಲ್ಲಿಯವರೆಗೆ ಉಜ್ಜಿ ಹೋಗಿದೆ ಅಂತ ಕಾಣುತ್ತದೆ. 24ಕ್ಕೆ ಬಂದಾಗ ಟೈರು ಮಡಚಿಕೊಂಡು ಅಂಚಿನ ಮೇಲೆ ನಿಲ್ಲತೊಡಗಿತು. 26ಕ್ಕೆ ನಿಲ್ಲಿಸಿದೆ. ಆಮೇಲೆ ಗಾಡಿ ವಾಲುವುದನ್ನು ತಡೆಯುವ ಸರಳಿನ, ಅಂದರೆ ಮುಂದಿನ ಆ್ಯಂಟಿ ರೋಲ್ ಬಾರಿನ, ಕೊಂಡಿ ಕಳಚಿ ನೋಡಿದೆ. ಪುಡಿ ಮಣ್ಣಿನಲ್ಲಿ ಮುಂಭಾಗದ ಹಿಡಿತ ಚೆನ್ನಾಗಿ ಬಂತು, 57.0. ಅದೇ ದಿನ ಮಧ್ಯಾಹ್ನ, ಪುಡಿಯೆಲ್ಲ ಬದಿಗೆ ಹೋಗಿ ಗಟ್ಟಿ ನೆಲ ಮೇಲೆ ಬಂದಾಗ, ಬಾರ್ ಇಲ್ಲದ ಕಾರು ತುಂಬಾ ವಾಲಿ ಹಿಂಭಾಗ ಬೇಗ ಜಾರತೊಡಗಿತು. ಬಾರ್ ಮತ್ತೆ ಹಾಕಿದೆ, ಸರಿ ಹೋಯಿತು. ಎರಡು ನಟ್ಟಿನ ಕೆಲಸ, ಹತ್ತು ನಿಮಿಷ. ನೆಲ ನೋಡಿ ತೀರ್ಮಾನ ಮಾಡಬೇಕು.

ಏಪ್ರಿಲ್‌ನಲ್ಲಿ ಒಂದು ಸ್ಪರ್ಧೆಗೆ ಹೋದೆವು. ಆಯೋಜಕರು ಹಿಂದಿನ ದಿನ ನೀರು ಹೊಡೆದು ರೋಲರ್ ಹಾಯಿಸಿದ್ದರು. ಬೆಳಗ್ಗೆ ಟ್ರ್ಯಾಕ್ ಸುತ್ತ ನಡೆದು ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಿದೆ. ಒಳಗೆ ಇಳಿಯಲಿಲ್ಲ. ಬಾರ್ ಹಾಕಿಕೊಂಡೇ ಓಡಿಸಿದೆ. ಹೊಸ ಕಾರುಗಳ ಮುಂದೆ ನಮ್ಮ ಸಮಯ ದೊಡ್ಡದೇನಲ್ಲ, ಆದರೆ ಮೂರು ಓಟಗಳ ನಡುವೆ ಅರ್ಧ ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಒಂದು ಕೋನ್ ಕೂಡ ಬೀಳಲಿಲ್ಲ. ನನಗೆ ಬೇಕಾಗಿದ್ದು ಅದೇ, ಹೇಳಿದ ಹಾಗೆ ಪ್ರತಿ ಸಲ ತಿರುಗುವ ಗಾಡಿ.

ಮರುದಿನ ಸಂಜೆ ಅಪ್ಪ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕೆಳಗೆ ಮಲಗಿ ಹಿಂದಿನ ಯು ಬೋಲ್ಟಿಗೆ ಪಾನಾ ಹಾಕಿದೆ. ಹೊಸ ಪಾಟಾ ಓಡಿದ ಮೇಲೆ ಕೂರುತ್ತದೆ, ಬೋಲ್ಟ್ ಸಡಿಲ ಆಗುತ್ತದೆ, ನೋಡಲೇಬೇಕು. ಎಡಗಡೆಯ ನಾಲ್ಕೂ ನಟ್ಟು ಅಲ್ಲಾಡಲಿಲ್ಲ. ಬಲಗಡೆ ಎರಡು ನಟ್ಟು ಕಾಲು ಸುತ್ತು ತಿರುಗಿದವು.

"ಎಷ್ಟು ಬಂತು?" ಅಂತ ಅಪ್ಪ ಕೇಳಿದರು.

"ಕಾಲು ಸುತ್ತು."

ವಹಿ ಅವರ ಮಡಿಲಲ್ಲೇ ಇತ್ತು. ತಾರೀಖು ಹಾಕಿ ಅವರೇ ಬರೆದುಕೊಂಡರು.